ಹೊಸ ಆಟಗಳ ಗುಟ್ಟೂ ನಮ್ಮ ಹೆಣ್ಣುಮಕ್ಕಳ ಮೌನವೂ

ಕಳೆದ ವಾರ್ಷಿಕೋತ್ಸವದ ದಿನ ಸಭೆಯು ಮುಗಿದು ಜನರೆಲ್ಲ ಮನೆಗೆ ಹೊರಟ ಮೇಲೆ, ಬೈಂದೂರು ಕಡೆಯ ಒಬ್ಬ ತಾಯಿಯು ನಮ್ಮ ಕಚೇರಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಅನಂತರ ಒಳಗೆ ಬಂದು, "ಟೀಚರೇ, ನಿಮ್ಮ ಹತ್ತಿರ ಓದಿದ ನಮ್ಮ ಹುಡುಗಿಗೆ ನೀವೇ ಬುದ್ಧಿ ಹೇಳಬೇಕು" ಎಂದು ಕೇಳಿಕೊಂಡರು. ವಿಷಯವೇನೆಂದು ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು. ಮಗಳು ನಮ್ಮಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಮುಂದೆ ಚಿತ್ರಕಲೆಯನ್ನೂ ಕಂಪ್ಯೂಟರ್ ವಿದ್ಯೆಯನ್ನೂ ಕಲಿತು, ಈಗ ಬೆಂಗಳೂರಿನಲ್ಲಿ ವೀಡಿಯೋ ಗೇಮುಗಳನ್ನು ತಯಾರಿಸುವ ಒಂದು ಕಂಪೆನಿಯಲ್ಲಿ ಕೆಲಸಕ್ಕಿದ್ದಾಳೆ. ಸಂಬಳವು ತಕ್ಕಷ್ಟು ಬರುತ್ತದೆ. ತಿಂಗಳು ತಿಂಗಳು ಮನೆಗೂ ಕಳುಹಿಸುತ್ತಾಳೆ. ಆದರೆ ಯಾವ ಆಟವನ್ನು ಮಾಡುತ್ತಿದ್ದಿ ಎಂದು ಕೇಳಿದರೆ, ಎರಡು ವರ್ಷಗಳಿಂದ "ಅದನ್ನು ಹೇಳಬಾರದು ಅಮ್ಮ" ಎಂಬದೊಂದೇ ಉತ್ತರ. ನೆಂಟರು ಕೇಳಿದರೆ ತಾಯಿಗೆ ಮಾತಿಲ್ಲ.

ಇದು ಸಾಲದೆಂಬಂತೆ, ಅವಳು ಒಮ್ಮೆ ಊರಿಗೆ ಬಂದು ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ಅವಳ ತಮ್ಮನು ಪರದೆಯ ಮೇಲಿದ್ದ ಒಂದು ಚಿತ್ರವನ್ನು ತನ್ನ ಮೊಬೈಲಿನಲ್ಲಿ ಹಿಡಿದುಕೊಂಡನು. ಗೆಳೆಯರಿಗೆ ತೋರಿಸಬೇಕೆಂಬದು ಅವನ ಆಸೆ. ಅಕ್ಕನು ಅತ್ತು, ಗದರಿಸಿ, ಆ ಚಿತ್ರವನ್ನು ತನ್ನ ಕಣ್ಣೆದುರು ಅಳಿಸಿ ಹಾಕಿಸುವ ತನಕ ಊಟಕ್ಕೆ ಕೂರಲಿಲ್ಲವಂತೆ. "ಸ್ವಂತ ತಮ್ಮನನ್ನೇ ಕಳ್ಳನ ಹಾಗೆ ನೋಡಿದಳು. ಹೀಗೆ ಮುಚ್ಚುಮರೆ ಮಾಡಿಸುವ ಕೆಲಸ ಒಳ್ಳೆಯ ಕೆಲಸವೇ ಟೀಚರೇ?" ಎಂದು ಆ ತಾಯಿಯು ಕೇಳಿದರು.

ಆ ದಿನ ನಾವು ಕೊಟ್ಟ ಉತ್ತರವು ಚಿಕ್ಕದು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಈಗ ಇಂಥ ಕೆಲಸಗಳಿಗೆ ಹೋಗುತ್ತಿರುವದರಿಂದ, ಇದೇ ಪ್ರಶ್ನೆಯು ಬೇರೆ ಹೆತ್ತವರ ಮನಸ್ಸಿನಲ್ಲಿಯೂ ಇರಬಹುದೆಂದೆಣಿಸಿ, ಈ ಸಂಚಿಕೆಯಲ್ಲಿ ವಿಷಯವನ್ನು ತುಸು ವಿವರವಾಗಿ ತಿಳಿಸುವದಕ್ಕೆ ಯತ್ನಿಸುತ್ತೇವೆ.

ಮೊದಲು ಈ ಕೆಲಸವು ಎಂಥಾದ್ದೆಂದು ನೋಡೋಣ. ದೊಡ್ಡದೊಂದು ವೀಡಿಯೋ ಗೇಮು ಒಬ್ಬರಿಬ್ಬರ ಕೈಕೆಲಸವಲ್ಲ. ನೂರಾರು, ಕೆಲವು ಸಲ ಸಾವಿರಕ್ಕೂ ಮಿಕ್ಕಿದ ಜನರು, ಬೇರೆ ಬೇರೆ ದೇಶಗಳಲ್ಲಿ ಕೂತು, ವರ್ಷಗಟ್ಟಲೆ ದುಡಿದು ಅದನ್ನು ಸಿದ್ಧಪಡಿಸುತ್ತಾರೆ. ಒಬ್ಬರು ಕಥೆ ಬರೆದರೆ, ಇನ್ನೊಬ್ಬರು ಮನೆ ಮರ ಬೀದಿಗಳ ರೂಪವನ್ನು ಬಿಡಿಸುವರು, ಮತ್ತೊಬ್ಬರು ಸ್ವರವನ್ನು ಕೂಡಿಸುವರು, ಹಲವರು ಆಡಿ ಆಡಿ ತಪ್ಪುಗಳನ್ನು ಹುಡುಕುವರು. ನಮ್ಮ ರಾಜ್ಯದಲ್ಲಿ ಈ ಉದ್ಯೋಗಕ್ಕೆ ಬುನಾದಿ ಹಾಕಿದವರಲ್ಲಿ ಮೊದಲಿಗರು ೧೯೯೭ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯವರು. ಪರದೇಶದ ಕಂಪೆನಿಗಳು ಮಾಡುವ ಆಟಗಳಿಗೆ ಬೇಕಾದ ಚಿತ್ರಕೆಲಸವನ್ನು ಮಾಡಿಕೊಡುವದು ಅದರ ಮುಖ್ಯ ಉದ್ಯೋಗವಾಗಿತ್ತು. ೨೦೧೮ರಲ್ಲಿ ಪ್ರಕಟವಾದ ಸೀ ಆಫ್ ಥೀವ್ಸ್, ಫೋರ್ಜಾ ಹೊರೈಜನ್ ೪ ಎಂಬ ಹೆಸರಾದ ಆಟಗಳಲ್ಲಿ ಬೆಂಗಳೂರಿನ ಆ ಕೈಗಳ ಕೆಲಸವುಂಟು. ರಾಕ್‌ಸ್ಟಾರ್ ಎಂಬ ಅಮೇರಿಕದ ಕಂಪೆನಿಯು ೨೦೧೬ರಲ್ಲಿ ಬೆಂಗಳೂರಿನಲ್ಲಿ ತನ್ನ ಶಾಖೆಯನ್ನು ತೆರೆದು, ೨೦೧೯ರಲ್ಲಿ ಧ್ರುವವನ್ನೂ ಕೊಂಡು ತನ್ನೊಳಗೆ ಸೇರಿಸಿಕೊಂಡಿತು.

ಹೀಗಿರಲು, ಬೆಂಗಳೂರಿನಲ್ಲಿ ಕೂತ ಹುಡುಗಿಯು ಬರೆಯುವ ಚಿತ್ರವು ಅವಳದ್ದೂ ಅಲ್ಲ, ಅವಳ ಕಂಪೆನಿಯದ್ದೂ ಅಲ್ಲ. ಬಹುಮಟ್ಟಿಗೆ ಅದು ಮೂರನೆಯವರು ನಂಬಿ ಒಪ್ಪಿಸಿದ ಸೊತ್ತು. ಕೆಲಸಕ್ಕೆ ಸೇರುವ ದಿನವೇ ಅವಳು ಒಂದು ಗೋಪ್ಯತೆಯ ಕರಾರಿಗೆ ರುಜು ಹಾಕಿರುತ್ತಾಳೆ. ಆಟವು ಪ್ರಕಟವಾಗುವ ತನಕ ಅದರ ಹೆಸರನ್ನಾಗಲಿ, ಕಥೆಯನ್ನಾಗಲಿ, ಚಿತ್ರವನ್ನಾಗಲಿ ಹೊರಗೆ ತಿಳಿಸುವದಿಲ್ಲವೆಂಬದು ಅದರ ಸಾರಾಂಶ. ಹೊರಗಿನವರೆಂದರೆ ತಾಯಿ ತಮ್ಮಂದಿರೂ ಸೇರಿದರು.

ಇಷ್ಟೊಂದು ಗುಟ್ಟು ಯಾಕೆಂದು ಕೇಳಬಹುದು. ನಮ್ಮ ಸೀಮೆಯಲ್ಲಿ ಆಟವೆಂದರೆ ಮೊದಲು ನೆನಪಿಗೆ ಬರುವದು ಬಯಲಾಟವೇ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟವನ್ನು ನೋಡಿದವರು ಬಣ್ಣದ ವೇಷವು ರಂಗಕ್ಕೆ ಬರುವ ಕ್ರಮವನ್ನು ಬಲ್ಲರು. ಇಬ್ಬರು ತೆರೆಯನ್ನು ಹಿಡಿದು ನಿಲ್ಲುವರು. ಅದರ ಮರೆಯಲ್ಲಿ ವೇಷವು ಕುಣಿಯುವದು. ಕಿರೀಟದ ತುದಿಯೊಮ್ಮೆ, ಮುಖದ ಒಂದು ಪಾಲೊಮ್ಮೆ ಕಾಣುವದು. ತೆರೆ ಸರಿದಾಗ ಮುಂದೆ ಕೂತ ಮಕ್ಕಳು ತಾಯಿಯ ಸೆರಗನ್ನು ಹಿಡಿಯುವರು. ಅದೇ ವೇಷಧಾರಿಯು ಚೌಕಿಯಲ್ಲಿ ಮುಖಕ್ಕೆ ಅರ್ಧ ಬಣ್ಣ ಹಚ್ಚಿಕೊಂಡು ಕೂತಿರುವಾಗ ಯಾರಾದರೂ ಅವನನ್ನು ರಂಗಕ್ಕೆ ಎಳೆದು ತಂದರೆ ಜನರು ನಗುವರು. ಮತ್ತೆ ಅವನು ಪೂರ್ಣ ವೇಷದಲ್ಲಿ ಬಂದರೂ ಆ ಮೊದಲಿನ ಬೆರಗು ಹುಟ್ಟಲಾರದು. ಗುಟ್ಟಿಗೆ ಮೊದಲನೆಯ ಕಾರಣವು ಈ ಬೆರಗೇ.

ಎರಡನೆಯ ಕಾರಣವು ಇದಕ್ಕಿಂತ ಗಟ್ಟಿಯಾದದ್ದು. ಮುಗಿಯದ ಕೆಲಸವು ಕಣ್ಣಿಗೆ ಕುರೂಪವಾಗಿರುವದು. ಅರ್ಧ ಮುಗಿದ ಆಟದಲ್ಲಿ ಮನುಷ್ಯರಿಗೆ ಮುಖವಿರುವದಿಲ್ಲ, ಗೋಡೆಗಳಿಗೆ ಬಣ್ಣವಿರುವದಿಲ್ಲ. ಅದನ್ನು ನೋಡಿದವರು ಕೆಲಸಗಾರರು ಅಯೋಗ್ಯರೆಂದು ತೀರ್ಪು ಕೊಡುವರು. ಹಸಿ ಹಂಚನ್ನು ಸುಡುವದಕ್ಕೆ ಮುಂಚೆ ಮಳೆಗೆ ಒಡ್ಡಿ, ಈ ಹಂಚು ಬಾಳುವದಿಲ್ಲವೆಂದು ಹೇಳಿದ ಹಾಗಾಗುವದು.

ಮೂರನೆಯದಾಗಿ, ಕೆಲಸವು ನಡೆಯುತ್ತಿರುವಾಗ ಯೋಜನೆಯು ಬದಲಾಗುತ್ತಲೇ ಇರುವದು. ಇಂದು ಸೇರಿಸಿದ್ದನ್ನು ನಾಳೆ ತೆಗೆದುಹಾಕುವರು. ಮೊದಲೇ ಹೇಳಿಬಿಟ್ಟರೆ ಅದು ಕೊಟ್ಟ ಮಾತಾಗಿ ನಿಲ್ಲುವದು. ಇಂಗ್ಲೆಂಡಿನ ಹೆಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಗೆ ಹೀಗೆಯೇ ಆಯಿತು. ನೋ ಮ್ಯಾನ್ಸ್ ಸ್ಕೈ ಎಂಬ ತನ್ನ ಆಟದಲ್ಲಿ ಏನೇನಿರುವದೆಂದು ಅದರ ಮುಖ್ಯಸ್ಥರು ಮೊದಲೇ ಉತ್ಸಾಹದಿಂದ ಹೇಳಿಕೊಂಡಿದ್ದರು. ೨೦೧೬ನೆಯ ಆಗಸ್ಟಿನಲ್ಲಿ ಆಟವು ಹೊರಬಂದಾಗ ಹೇಳಿದ್ದರಲ್ಲಿ ಕೆಲವು ಅದರಲ್ಲಿರಲಿಲ್ಲ; ಕೊಂಡವರು ಬಹಳವಾಗಿ ಸಿಟ್ಟಾದರು. ಆಮೇಲೆ ಆ ಸಂಸ್ಥೆಯು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ, ಕೊರತೆಯನ್ನು ಒಂದೊಂದಾಗಿ ತುಂಬಿಸಿ, ಸಿದ್ಧವಾದದ್ದನ್ನು ಮಾತ್ರ ಹೇಳುವ ಪದ್ಧತಿಯನ್ನು ಹಿಡಿದು, ಕಳಕೊಂಡ ಹೆಸರನ್ನು ತಿರಿಗಿ ಸಂಪಾದಿಸಿತು. ಮುಂಚೆ ಹೇಳದಿರುವದು ಯಾವಾಗಲೂ ಮೋಸವಲ್ಲ, ಕೆಲವು ಸಲ ಅದೇ ಪ್ರಾಮಾಣಿಕತೆ ಎಂಬದಕ್ಕೆ ಇದು ಒಳ್ಳೆಯ ಉದಾಹರಣೆ.

ಇನ್ನು ಈ ಗುಟ್ಟನ್ನು ಕಾಯುವ ಬಗೆ. ಮೊದಲು, ಆಟಕ್ಕೂ ಯಂತ್ರಕ್ಕೂ ಸುಳ್ಳು ಹೆಸರನ್ನಿಡುವರು. ಜಪಾನಿನ ನಿಂಟೆಂಡೋ ಕಂಪೆನಿಯವರು ೨೦೦೬ರಲ್ಲಿ ವೀ ಎಂಬ ಹೆಸರಿನಿಂದ ಮಾರಿದ ಆಟದ ಯಂತ್ರವನ್ನು ಮೊದಲು ರೆವಲ್ಯೂಷನ್ ಎಂದು ಕರೆಯುತ್ತಿದ್ದರು. ೨೦೧೭ನೆಯ ಮಾರ್ಚ್ ೩ರಂದು ಬಂದ ಸ್ವಿಚ್ ಎಂಬ ಯಂತ್ರವು ಅದಕ್ಕೆ ಮುಂಚೆ ಎನ್‌ಎಕ್ಸ್ ಎಂಬ ಎರಡಕ್ಷರವಾಗಿತ್ತು. ಎರಡನೆಯದಾಗಿ, ಕೆಲಸವನ್ನು ತುಂಡು ಮಾಡಿ ಹಂಚುವರು. ಕಾರಿನ ಚಕ್ರವನ್ನು ಬರೆಯುವವಳಿಗೆ ಕಥೆಯು ತಿಳಿದಿರುವದಿಲ್ಲ. ಆದುದರಿಂದ ಮಗಳು "ನನಗೇ ಪೂರ್ತಿ ತಿಳಿಯದು" ಎಂದು ಹೇಳಿದರೆ, ಅದು ನಿಜವಾಗಿರುವ ಸಂಭವವುಂಟು. ಮೂರನೆಯದಾಗಿ, ಪತ್ರಿಕೆಯವರಿಗೆ ವಿಮರ್ಶೆಗಾಗಿ ಆಟವನ್ನು ಮುಂಚಿತವಾಗಿ ಕೊಡುವಾಗ, ಇಂಥಾ ದಿನ ಇಂಥಾ ಗಂಟೆಯ ತನಕ ಏನನ್ನೂ ಪ್ರಕಟಿಸಕೂಡದೆಂದು ಮಾತು ತೆಗೆದುಕೊಳ್ಳುವರು.

ನಾಲ್ಕನೆಯ ಉಪಾಯವನ್ನು ಹೆತ್ತವರು ವಿಶೇಷವಾಗಿ ತಿಳಿದಿರಬೇಕು. ಕೆಲಸಗಾರರಿಗೆ ಒಪ್ಪಿಸುವ ಪ್ರತಿಗಳಲ್ಲಿ ಹಲವು ಕಂಪೆನಿಗಳು ಕಣ್ಣಿಗೆ ಕಾಣದ ಅಥವಾ ಕಂಡರೂ ಗಮನಕ್ಕೆ ಬಾರದ ಗುರುತನ್ನು ಇಟ್ಟಿರುತ್ತವೆ. ಒಬ್ಬೊಬ್ಬರ ಪ್ರತಿಗೆ ಒಂದೊಂದು ಗುರುತು. ಚಿತ್ರವು ಎಲ್ಲಿಯಾದರೂ ಹೊರಬಿದ್ದರೆ, ಅದು ಯಾರ ಪರದೆಯಿಂದ ಹೋಯಿತೆಂಬದನ್ನು ಆ ಗುರುತೇ ಹೇಳುವದು. ತಮ್ಮನು ಸಲಿಗೆಯಿಂದ ಹಿಡಿದ ಆ ಒಂದು ಚಿತ್ರವು ಹತ್ತು ಮಂದಿ ಗೆಳೆಯರ ಮೊಬೈಲುಗಳನ್ನು ದಾಟಿ ಹೋಗಿದ್ದರೆ, ಉತ್ತರ ಕೊಡಬೇಕಾದವಳು ಅಕ್ಕನೇ. ಕೆಲಸವೂ ಹೋಗಬಹುದು, ಮುಂದೆ ಬೇರೆಡೆ ಕೆಲಸ ಸಿಕ್ಕುವದೂ ಕಷ್ಟವಾಗಬಹುದು. ಅವಳು ಅತ್ತದ್ದು ತಮ್ಮನ ಮೇಲಣ ಅಪನಂಬಿಕೆಯಿಂದಲ್ಲ, ಈ ಭಯದಿಂದ. ಇದನ್ನು ತಿಳಿಸಿದಾಗ ಆ ತಾಯಿಯು ಬಹಳ ಹೊತ್ತು ಮಾತಾಡಲಿಲ್ಲ.

ಗುಟ್ಟು ಒಡೆದಾಗ ಆಗುವ ನಷ್ಟವು ಎಷ್ಟೆಂಬದಕ್ಕೆ ಪರದೇಶದ ಎರಡು ಮೂರು ಸಂಗತಿಗಳು ಸಾಕು. ೨೦೦೩ರಲ್ಲಿ ವಾಲ್ವ್ ಎಂಬ ಅಮೇರಿಕದ ಕಂಪೆನಿಯ ಕಂಪ್ಯೂಟರುಗಳೊಳಗೆ ಜರ್ಮನಿಯ ಯುವಕನೊಬ್ಬನು ಕಳ್ಳದಾರಿಯಿಂದ ನುಗ್ಗಿದನು. ಹಾಫ್ ಲೈಫ್ ೨ ಎಂಬ ಆಟದ ಮೂಲ ಬರಹವು ಇಡೀ ಲೋಕಕ್ಕೆ ಹರಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬರಬೇಕಾಗಿದ್ದ ಆಟವು ೨೦೦೪ನೆಯ ನವೆಂಬರಿನಲ್ಲಿ ಹೊರಬಂತು. ೨೦೨೨ನೆಯ ಸೆಪ್ಟೆಂಬರ್ ೧೮ರಂದು ಮೇಲೆ ಹೇಳಿದ ರಾಕ್‌ಸ್ಟಾರ್ ಕಂಪೆನಿಯ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಮುಂದಿನ ಆಟದ ಸುಮಾರು ೯೦ ಚಲಚಿತ್ರ ತುಣುಕುಗಳು ಹೊರಬಿದ್ದವು. ಈ ಆಟವು ಪ್ರಾಯದವರಿಗಾಗಿ ಮಾಡಿದ್ದು, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ ಎಂಬದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅದನ್ನು ಕದ್ದವನು ಇಂಗ್ಲೆಂಡಿನ ೧೭ ವರ್ಷದ ಹುಡುಗನು. ಇದರಿಂದ ೫೦ ಲಕ್ಷ ಡಾಲರೂ ಕೆಲಸಗಾರರ ಸಾವಿರಾರು ಗಂಟೆಗಳೂ ನಷ್ಟವಾದವೆಂದು ಕಂಪೆನಿಯು ನ್ಯಾಯಾಲಯಕ್ಕೆ ತಿಳಿಸಿತು. ೨೦೨೩ನೆಯ ಡಿಸೆಂಬರಿನಲ್ಲಿ ಆ ಹುಡುಗನನ್ನು ಕಾಲಮಿತಿಯಿಲ್ಲದೆ ಆಸ್ಪತ್ರೆಯಲ್ಲಿ ಕಾವಲಿನಲ್ಲಿಡುವಂತೆ ತೀರ್ಪಾಯಿತು. ಅದೇ ತಿಂಗಳು ಕ್ಯಾಲಿಫೋರ್ನಿಯದ ಇನ್ಸೋಮ್ನಿಯಾಕ್ ಎಂಬ ಸಂಸ್ಥೆಯಿಂದ ೧೩ ಲಕ್ಷ ಕಡತಗಳನ್ನು ಕದ್ದವರು ಹಣವನ್ನು ಕೇಳಿ, ಅದು ಸಿಕ್ಕದಿದ್ದಾಗ ಬಹುಭಾಗವನ್ನು ಹೊರಗೆಡಹಿದರು. ಅದರಲ್ಲಿ ಬರಲಿರುವ ಆಟಗಳ ವಿವರಗಳಲ್ಲದೆ, ಕೆಲಸಗಾರರ ಸ್ವಂತ ಕಾಗದಪತ್ರಗಳೂ ಇದ್ದವು. ಆಟದ ಗುಟ್ಟು ಹೋದರೆ ಇನ್ನೊಂದು ಆಟವನ್ನು ಮಾಡಬಹುದು; ಆ ಕೆಲಸಗಾರರ ಮನೆಯ ವಿವರಗಳನ್ನು ಇನ್ನು ಯಾರೂ ಒಳಗೆ ಹಾಕಲಾರರು.

ಇದೆಲ್ಲ ದೂರದ ಸುದ್ದಿಯೆಂದು ತೋರಬಹುದು. ಆದರೆ ಗುಟ್ಟು ಒಡೆದರೆ ಪೆಟ್ಟು ತಿನ್ನುವವರು ಯಾರೆಂಬದನ್ನು ನಾವು ನಮ್ಮ ರಾಜ್ಯದಲ್ಲಿಯೇ ಕಂಡಿದ್ದೇವೆ. ೨೦೧೬ನೆಯ ಮಾರ್ಚ್ ೨೧ರಂದು ನಡೆದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಯು ಮುಂಚೆಯೇ ಹೊರಬಿದ್ದಿತ್ತೆಂದು ಪರೀಕ್ಷೆಯನ್ನು ರದ್ದು ಮಾಡಿದರು. ಮಾರ್ಚ್ ೩೧ಕ್ಕೆ ಇಟ್ಟ ಮರುಪರೀಕ್ಷೆಯ ಪತ್ರಿಕೆಯೂ ಹೊರಬಿತ್ತು. ಕೊನೆಗೆ ಏಪ್ರಿಲ್ ೧೨ರಂದು ಪರೀಕ್ಷೆ ನಡೆಯಿತು. ಸುಮಾರು ೧.೭ ಲಕ್ಷ ಮಕ್ಕಳು ಒಂದೇ ಪಾಠವನ್ನು ಮೂರು ಸಲ ಓದಿದರು. ಆ ವರ್ಷ ಪರೀಕ್ಷೆಗೆ ಕೂತ ನಮ್ಮ ಪೂರ್ವವಿದ್ಯಾರ್ಥಿನಿಯರು ಅದನ್ನು ಮರೆತಿರಲಾರರು. ಪ್ರಶ್ನೆಪತ್ರಿಕೆಯನ್ನು ತಯಾರಿಸುವ ಉಪಾಧ್ಯಾಯಿನಿಯು ಪ್ರಶ್ನೆಗಳನ್ನು ಮಾತ್ರವಲ್ಲ, ತಾನು ಅದನ್ನು ತಯಾರಿಸಿದಳೆಂಬದನ್ನೂ ಮನೆಯಲ್ಲಿ ಹೇಳಕೂಡದು. ಇದನ್ನು ನಾವು ಯಾರೂ ಮುಚ್ಚುಮರೆ ಎಂದು ಕರೆಯುವದಿಲ್ಲ, ವಿಶ್ವಾಸವೆಂದು ಕರೆಯುತ್ತೇವೆ. ಬೆಂಗಳೂರಿನಲ್ಲಿರುವ ಮಗಳ ಮೌನವೂ ಇದೇ ಜಾತಿಯದು.

ಇಲ್ಲಿಗೆ ಲೇಖನವನ್ನು ನಿಲ್ಲಿಸಿದರೆ ಸುಲಭವಾಗುತ್ತಿತ್ತು. ಆದರೆ ಇನ್ನೊಂದು ಮಾತನ್ನು ಹೇಳದೆ ಬಿಡುವದು ನಮಗೆ ಸರಿಕಾಣುವದಿಲ್ಲ.

ಕೆಲವು ವರ್ಷಗಳ ಹಿಂದೆ ಬ್ರಹ್ಮಾವರ ಕಡೆಯ ನಮ್ಮ ಇನ್ನೊಬ್ಬ ಪೂರ್ವವಿದ್ಯಾರ್ಥಿನಿಯು ನಮ್ಮನ್ನು ಕಾಣಲು ಬಂದಳು. ಅವಳೂ ಇಂಥದೇ ಗೋಪ್ಯತೆಯ ಕರಾರಿರುವ ಒಂದು ಕಚೇರಿಯಲ್ಲಿದ್ದಳು. ಅದು ಯಾವುದು, ಯಾವ ಊರಿನದು ಎಂಬದನ್ನು ಇಲ್ಲಿ ಬರೆಯುವದಿಲ್ಲ. ಅಲ್ಲಿ ಮೇಲಿನವನೊಬ್ಬನು ಅವಳನ್ನು ನಡುರಾತ್ರಿಯ ತನಕ ಕೂರಿಸಿಕೊಳ್ಳುತ್ತಿದ್ದನು. ಆಡಬಾರದ ಮಾತುಗಳನ್ನೂ ಆಡುತ್ತಿದ್ದನು. ಅವಳು ಒಂದು ವರ್ಷದ ತನಕ ಅದನ್ನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದಾಗ, "ಕಚೇರಿಯೊಳಗಿನ ಯಾವ ವಿಷಯವನ್ನೂ ಹೊರಗೆ ಹೇಳುವದಿಲ್ಲವೆಂದು ರುಜು ಹಾಕಿದ್ದೆ ಟೀಚರ್" ಎಂದಳು. ಆ ಕಾಗದವನ್ನು ತರಿಸಿ ನಾವು ಓದಿ ನೋಡಿದೆವು. ಅದರಲ್ಲಿ ಕಂಪೆನಿಯ ಕೆಲಸದ ಗುಟ್ಟನ್ನು ಕುರಿತು ಮಾತ್ರ ಬರೆದಿತ್ತು. ಅವಳ ಸಂಕಟವನ್ನು ಕುರಿತು ಒಂದು ಅಕ್ಷರವೂ ಇರಲಿಲ್ಲ. ಅವಳು ಓದದೆ ರುಜು ಹಾಕಿದ್ದಳು. ಇದರಲ್ಲಿ ನಮ್ಮ ಪಾಲೂ ಉಂಟೆಂದು ಆ ದಿನ ನಮಗೆ ತೋರಿತು. ಹೆಣ್ಣುಮಕ್ಕಳಿಗೆ "ಸುಮ್ಮನಿರಿ" ಎಂದು ವರ್ಷಗಟ್ಟಲೆ ಕಲಿಸಿದ ನಾವು, ಎಲ್ಲಿ ಸುಮ್ಮನಿರಬಾರದು ಎಂಬದನ್ನು ಅಷ್ಟೇ ಬಲವಾಗಿ ಕಲಿಸಿದ್ದೆವೇ?

ಆದುದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಗೋಪ್ಯತೆಯ ಕರಾರು ಮುಚ್ಚುವದು ಕೆಲಸವನ್ನು. ಕೆಲಸಗಾರಳಿಗೆ ಆಗುವ ಅನ್ಯಾಯವನ್ನಲ್ಲ. ೧೮೭೨ರ ಭಾರತೀಯ ಕರಾರು ಕಾಯಿದೆಯ ೨೩ನೆಯ ಕಲಮಿನಂತೆ, ಕಾನೂನಿಗೆ ವಿರುದ್ಧವಾದ ಉದ್ದೇಶವುಳ್ಳ ಕರಾರು ನಡೆಯುವದಿಲ್ಲ. ಕೆಲಸದ ಸ್ಥಳದಲ್ಲಿ ಸ್ತ್ರೀಯರ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯಿದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಚೇರಿಯಲ್ಲಿಯೂ ದೂರನ್ನು ಕೇಳುವ ಒಂದು ಸಮಿತಿಯು ಇರಲೇಬೇಕು. ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳ ಅವಧಿಯನ್ನು ಕೊಡಬಹುದು. ಅದೇ ಕಾಯಿದೆಯ ೧೬ನೆಯ ಕಲಮು ದೂರು ಕೊಟ್ಟವಳ ಹೆಸರನ್ನು ಪ್ರಕಟಿಸಕೂಡದೆಂದು ವಿಧಿಸುತ್ತದೆ. ಇಲ್ಲಿ ಗುಟ್ಟು ಕಾಯುವದು ಕಂಪೆನಿಯನ್ನಲ್ಲ, ಹುಡುಗಿಯನ್ನು. ಇದನ್ನು ಹೆತ್ತವರು ತಿಳಿದಿರುವದು ಒಳ್ಳೆಯದು.

ಎಲ್ಲ ಸಂಗತಿಗಳಲ್ಲಿಯೂ ಗೆರೆಯು ಇಷ್ಟು ಸುಲಭವಾಗಿ ಕಾಣುವದೆಂದು ನಾವು ಹೇಳುವದಿಲ್ಲ. ೨೦೨೫ನೆಯ ಅಕ್ಟೋಬರಿನ ಕೊನೆಯಲ್ಲಿ ರಾಕ್‌ಸ್ಟಾರ್ ಕಂಪೆನಿಯು ಬ್ರಿಟನ್ನಿನಲ್ಲಿಯೂ ಕೆನಡದಲ್ಲಿಯೂ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆದುಹಾಕಿತು. ಅವರು ಗೋಪ್ಯ ವಿಷಯಗಳನ್ನು ಹೊರಗೆ ಹಂಚಿದರೆಂದು ಕಂಪೆನಿಯು ಹೇಳಿತು. ತಮ್ಮ ಸಂಘವನ್ನು ಕಟ್ಟುವದಕ್ಕೆ ಹೊರಟದ್ದೇ ನಿಜವಾದ ಕಾರಣವೆಂದು ಕಾರ್ಮಿಕರ ಸಂಘದವರು ಹೇಳಿದರು. ಒಂದೇ ಮಾತನ್ನು ಒಬ್ಬರು ಗುಟ್ಟೆಂದೂ ಇನ್ನೊಬ್ಬರು ಹಕ್ಕೆಂದೂ ಕರೆಯುವ ಇಂಥ ಎಡೆಯಲ್ಲಿ ನಮ್ಮ ಹೆಣ್ಣುಮಕ್ಕಳು ಒಂಟಿಯಾಗಿ ತೀರ್ಮಾನಿಸದೆ, ಕಾನೂನು ಬಲ್ಲವರನ್ನು ಕೇಳಿ ಹೆಜ್ಜೆಯಿಡಬೇಕು.

ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ನಾವು ಹೇಳುವದೇನಂದರೆ: ರುಜು ಹಾಕುವ ಮುಂಚೆ ಕಾಗದವನ್ನು ಮೊದಲಿನಿಂದ ಕೊನೆಯ ತನಕ ಓದಿರಿ, ತಿಳಿಯದಿದ್ದಲ್ಲಿ ಕೇಳಿರಿ, ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಳ್ಳಿರಿ. ಮನೆಯಿಂದ ಕೆಲಸ ಮಾಡುವಾಗ ಬಾಗಿಲು ಹಾಕಿಕೊಳ್ಳಿರಿ. ಎದ್ದು ಹೋಗುವಾಗ ಪರದೆಯನ್ನು ಮುಚ್ಚಿರಿ. ಆದರೆ ತಾಯಿಗೆ "ಹೇಳಬಾರದು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿರಿ. ಯಾಕೆ ಹೇಳಬಾರದೆಂಬದನ್ನು ಹೇಳುವದಕ್ಕೆ ಯಾವ ಕರಾರೂ ಅಡ್ಡಬರುವದಿಲ್ಲ. ಎಷ್ಟು ಗಂಟೆಗೆ ಮನೆ ಸೇರಿದಿರಿ, ಊಟವಾಯಿತೇ, ಮೇಲಿನವರು ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆಯೇ, ಇವು ಯಾವವೂ ಕಂಪೆನಿಯ ಗುಟ್ಟುಗಳಲ್ಲ.

ಹೆತ್ತವರಲ್ಲಿ ನಮ್ಮ ವಿಜ್ಞಾಪನೆಯೂ ಇದೇ. ಏನು ಮಾಡುತ್ತಿದ್ದಿ ಎಂದು ಒತ್ತಾಯಿಸಿ ಕೇಳಬೇಡಿರಿ. ಹೇಗಿದ್ದಿ ಎಂದು ಕೇಳುವದನ್ನು ಬಿಡಬೇಡಿರಿ. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕದಿದ್ದರೆ ಕಾದಿರಿ. ಎರಡನೆಯದಕ್ಕೆ ಉತ್ತರ ಸಿಕ್ಕದಿದ್ದರೆ, ಆ ರಾತ್ರಿಯೇ ಬೆಂಗಳೂರಿನ ಬಸ್ಸು ಹತ್ತಿರಿ. ಮನೆಯಲ್ಲಿರುವ ಚಿಕ್ಕ ಮಕ್ಕಳಿಗೂ ಈ ಭೇದವನ್ನು ಕಲಿಸಿರಿ. ಹುಟ್ಟುಹಬ್ಬಕ್ಕೆ ತಂದಿಟ್ಟ ಉಡುಗೊರೆಯ ಗುಟ್ಟು ಒಂದು ದಿನ ಸಂತೋಷವಾಗಿ ತೆರೆಯುವದು. ತೆರೆಯಲೇಬಾರದೆಂದು ದೊಡ್ಡವರೊಬ್ಬರು ಹೆದರಿಸಿ ಮಗುವಿನ ಬಾಯಿಗೆ ಹಾಕಿದ ಗುಟ್ಟು ಗುಟ್ಟಲ್ಲ, ಅಪಾಯ. ಅದನ್ನು ತಾಯಿಗೂ ಟೀಚರಿಗೂ ಹೇಳಬೇಕು.

ಬೈಂದೂರಿನ ಆ ತಾಯಿಯು ಹೊರಡುವ ಮುಂಚೆ, "ಹಾಗಾದರೆ ನೆಂಟರು ಕೇಳಿದರೆ ಏನು ಹೇಳಲಿ?" ಎಂದು ಕೇಳಿದರು. "ಮಗಳು ಚಿತ್ರ ಬರೆಯುವ ಕೆಲಸದಲ್ಲಿದ್ದಾಳೆ, ಅದು ಪ್ರಕಟವಾದ ದಿನ ನಾವೇ ಕರೆದು ತೋರಿಸುತ್ತೇವೆ ಎಂದು ಹೇಳಿರಿ" ಎಂದೆವು. ದೊಡ್ಡ ಆಟಗಳ ಕೊನೆಯಲ್ಲಿ, ಚಲಚಿತ್ರಗಳ ಕೊನೆಯಲ್ಲಿರುವ ಹಾಗೆಯೇ, ಕೆಲಸ ಮಾಡಿದವರ ಹೆಸರುಗಳ ಉದ್ದವಾದ ಪಟ್ಟಿಯು ಬರುತ್ತದೆ. ಅದರಲ್ಲಿ ಮಗಳ ಹೆಸರನ್ನು ಹುಡುಕಿಕೊಡುವ ಕೆಲಸವನ್ನು ತಮ್ಮನಿಗೆ ಒಪ್ಪಿಸಬಹುದೆಂದೂ ಹೇಳಿದೆವು. ಆ ತಾಯಿಯು ನಕ್ಕರು.

ಇಂಥ ಕೆಲಸದಲ್ಲಿರುವ ನಮ್ಮ ಎಲ್ಲ ಪೂರ್ವವಿದ್ಯಾರ್ಥಿನಿಯರೂ, ತಮ್ಮ ಕೆಲಸವು ಪ್ರಕಟವಾದ ಬಳಿಕ, ಶಾಲೆಗೆ ಒಂದು ಸಾಲನ್ನು ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಬೆಳಗಿನ ಸಭೆಯಲ್ಲಿ ಮಕ್ಕಳಿಗೆ ಅದನ್ನು ಓದಿ ಹೇಳುವೆವು. ಅಲ್ಲಿಯ ತನಕ ನಾವಾಗಿ ಏನನ್ನೂ ಕೇಳುವದಿಲ್ಲ.